ಬೆನ್ನ ಹಿಂದೆ ಹನ್ನೆರಡು ಸಿಲಿಂಡರ್

ಅಮೆರಿಕದ ಅಟ್ಲಾಂಟಾ ನಗರದಿಂದ ಈಶಾನ್ಯಕ್ಕೆ ಸುಮಾರು 80 ಕಿಲೋಮೀಟರ್ ಹೋದರೆ ಬ್ರ್ಯಾಸೆಲ್ಟನ್ ಎಂಬ ಸಣ್ಣ ಊರು. ಅಲ್ಲಿನ ಏರುತಗ್ಗಿನ ನೆಲದಲ್ಲಿ 1970ರಲ್ಲಿ ರೋಡ್ ಅಟ್ಲಾಂಟಾ ಎಂಬ ರೇಸ್ ಟ್ರ್ಯಾಕ್ ಶುರುವಾಯಿತು. 1975ರಲ್ಲಿ ಅಲ್ಲಿ ನಡೆದ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಬಾಬ್ ಟುಲಿಯಸ್ ತಮ್ಮ ವಿಭಾಗದ ಪಟ್ಟ ಗೆದ್ದರು. ಅವರು ಓಡಿಸಿದ್ದು ಜಾಗ್ವಾರ್ ಇ-ಟೈಪ್. ಉದ್ದನೆಯ ಮೂತಿಯ ಆ ಕಾರಿನ ಬಾನೆಟ್ಟಿನಡಿ ಹನ್ನೆರಡು ಸಿಲಿಂಡರಿನ ವಿ-12 ಎಂಜಿನ್ ಇತ್ತು.

ಎಂಟು ವರ್ಷಗಳ ನಂತರ, 1983ರ ಏಪ್ರಿಲ್‌ನಲ್ಲಿ, ಟುಲಿಯಸ್ ಅದೇ ಟ್ರ್ಯಾಕಿನಲ್ಲಿ ಮತ್ತೆ ಗೆದ್ದರು. ತಂಡ ಅದೇ, ಕಂಪನಿ ಅದೇ, ಎಂಜಿನ್ ಕೂಡ ಅದೇ ವಂಶದ್ದು. ಆದರೆ ಈ ಸಲ ಅದು ಚಾಲಕನ ಮುಂದೆ ಇರಲಿಲ್ಲ, ಬೆನ್ನ ಹಿಂದೆ ಕೂತಿತ್ತು. ಕಾರಿನ ಹೆಸರು ಎಕ್ಸ್‌ಜೆಆರ್-5.

ವಿಜ್ಞಾನದಲ್ಲಿ ಒಳ್ಳೆಯ ಪ್ರಯೋಗವೆಂದರೆ ಒಂದನ್ನು ಬದಲಿಸಿ ಉಳಿದೆಲ್ಲವನ್ನೂ ಹಾಗೇ ಇಟ್ಟು ನೋಡುವುದು. ಮೇಲುನೋಟಕ್ಕೆ ಇಲ್ಲಿ ಅಂಥದೇ ಪ್ರಯೋಗ ನಡೆದಂತಿದೆ. ಆದರೆ ಕಾರಿನಲ್ಲಿ ಎಂಜಿನ್ ಒಂದನ್ನೇ ಸರಿಸಲು ಬರುವುದಿಲ್ಲ. ಅದು ಜಾಗ ಬಿಟ್ಟರೆ ಗೇರ್‌ಬಾಕ್ಸ್, ಪೆಟ್ರೋಲ್ ಟ್ಯಾಂಕ್, ರೇಡಿಯೇಟರ್, ಚಾಲಕನ ಕಾಲು, ಕೊನೆಗೆ ಕಾರಿನಡಿ ಹರಿಯುವ ಗಾಳಿಯೂ ಜಾಗ ಬದಲಿಸಬೇಕು. ಎಕ್ಸ್‌ಜೆಆರ್-5 ಕಾರಿನ ಕಥೆ ಎಂದರೆ ಈ ಸ್ಥಳಾಂತರಗಳ ಕಥೆ.

ತೂಕ ಎಲ್ಲಿರಬೇಕು?

ಕಾಗದದ ಮೇಲೆ ಕಾರನ್ನು ಒಂದು ಗೆರೆ ಎಂದುಕೊಳ್ಳೋಣ. ಎರಡು ತುದಿಗಳ ಹತ್ತಿರ ಮುಂದಿನ ಮತ್ತು ಹಿಂದಿನ ಆಕ್ಸಲ್. ಎಂಜಿನ್ ಮುಂದಿದ್ದರೆ ಅದು ಚಾಲಕನ ಕಾಲಿನಾಚೆ ಕೂರುತ್ತದೆ. ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲೂ ನಮ್ಮ ಐರಾವತ ಬಸ್ಸಿನಲ್ಲೂ ಅದು ಹಿಂದಿನ ಆಕ್ಸಲ್ ದಾಟಿ ಬಾಲದಲ್ಲಿರುತ್ತದೆ. ಇವೆರಡರ ನಡುವೆ, ಚಾಲಕನ ಬೆನ್ನು ಮತ್ತು ಹಿಂದಿನ ಆಕ್ಸಲ್ ನಡುವೆ, ಎಂಜಿನ್ ಕೂತರೆ ಅದು ಮಿಡ್ ಎಂಜಿನ್ ಕಾರು.

ಇದರಿಂದ ಮೊದಲ ಲಾಭ ತಿರುವಿನಲ್ಲಿ. ಕಾವಡಿಯ ಎರಡು ತುದಿಗೂ ನೀರು ತುಂಬಿದ ಕೊಡ ಕಟ್ಟಿಕೊಂಡು ಸರಕ್ಕನೆ ತಿರುಗಲು ಹೋದರೆ ಕಾವಡಿ ತಿರುಗಲು ಹಟ ಮಾಡುತ್ತದೆ. ತಿರುಗತೊಡಗಿದರೆ ನಿಲ್ಲಲು ಹಟ ಮಾಡುತ್ತದೆ. ಅದೇ ಕೊಡಗಳನ್ನು ಭುಜದ ಹತ್ತಿರಕ್ಕೆ ಸರಿಸಿ ನೋಡಿ, ಹೊರುವ ಭಾರ ಅಷ್ಟೇ ಇದ್ದರೂ ತಿರುಗುವುದು ಸಲೀಸು. ಈ ಹಟವನ್ನು ತಿರುಗು-ಜಡತ್ವ ಎನ್ನೋಣ. ಇದು ತೂಕಕ್ಕೆ ತಕ್ಕಂತೆ ಏರುತ್ತದೆ, ಆದರೆ ದೂರದ ವರ್ಗಕ್ಕೆ ತಕ್ಕಂತೆಯೂ ಏರುತ್ತದೆ. ಲೆಕ್ಕಕ್ಕಾಗಿ 300 ಕಿಲೋ ತೂಕದ ಎಂಜಿನ್ ಕಾರಿನ ಗುರುತ್ವ ಕೇಂದ್ರದಿಂದ 1.2 ಮೀಟರ್ ದೂರದಲ್ಲಿದೆ ಎನ್ನಿ. ಅದರ ಪಾಲಿನ ತಿರುಗು-ಜಡತ್ವ 300 × 1.2 × 1.2, ಅಂದರೆ 432. ದೂರವನ್ನು 0.6 ಮೀಟರಿಗೆ ಇಳಿಸಿದರೆ ಅದು 108. ದೂರ ಅರ್ಧವಾದರೆ ಹಟ ಕಾಲುಭಾಗ.

ಎರಡನೆಯ ಲಾಭ ಹಿಡಿತದಲ್ಲಿ. ಟೈರು ರಸ್ತೆಯನ್ನು ಎಷ್ಟು ಬಲವಾಗಿ ಹಿಂದಕ್ಕೆ ತಳ್ಳಬಲ್ಲದು ಎನ್ನುವುದು ಅದರ ಮೇಲೆ ಬಿದ್ದಿರುವ ಭಾರವನ್ನು ಅವಲಂಬಿಸಿದೆ. 1,000 ಕಿಲೋ ತೂಕದ ಕಾರಿನಲ್ಲಿ ಹಿಂದಿನ ಚಕ್ರಗಳ ಮೇಲೆ 500 ಕಿಲೋ ಇರುವುದಕ್ಕೂ 600 ಕಿಲೋ ಇರುವುದಕ್ಕೂ ಶೇಕಡಾ 20ರಷ್ಟು ವ್ಯತ್ಯಾಸವಿದೆ. ಎಂಜಿನ್ ಬಲ ಹೆಚ್ಚಿದಷ್ಟೂ ಈ ವ್ಯತ್ಯಾಸಕ್ಕೆ ಬೆಲೆ ಬರುತ್ತದೆ. ಇಲ್ಲದಿದ್ದರೆ ನೂರಾರು ಅಶ್ವಶಕ್ತಿ ಬರಿದೇ ಟೈರಿನ ಹೊಗೆಯಾಗಿ ಹೋಗುತ್ತದೆ. ಎಂಜಿನ್ ಹಿಂದಿದ್ದರೆ ಶಕ್ತಿಯನ್ನು ಹಿಂಚಕ್ರಕ್ಕೆ ಒಯ್ಯುವ ಉದ್ದನೆಯ ಶಾಫ್ಟೂ ಬೇಡ. ಶಾಫ್ಟ್ ಇಲ್ಲವೆಂದರೆ ಚಾಲಕನ ಸೀಟನ್ನು ಇನ್ನಷ್ಟು ಕೆಳಗಿಳಿಸಬಹುದು.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಬೇಗ ತಿರುಗುವ ಕಾರು ಬೇಗ ಹತೋಟಿಯನ್ನೂ ತಪ್ಪುತ್ತದೆ. ಮುಂಭಾರದ ಕಾರು ಜಾರುವ ಮೊದಲು ಚಾಲಕನಿಗೆ ಸ್ವಲ್ಪ ಸಮಯ ಕೊಡುತ್ತದೆ. ಮಿಡ್ ಎಂಜಿನ್ ಕಾರು ಅಷ್ಟು ಉದಾರಿಯಲ್ಲ.

ಹಿಂದಕ್ಕೆ ಸರಿದ ಬಗೆ

ಈ ಲೆಕ್ಕ ಎಂಜಿನಿಯರುಗಳಿಗೆ ಬಹಳ ಹಿಂದೆಯೇ ಗೊತ್ತಿತ್ತು. 1934ರಲ್ಲಿ ಫರ್ಡಿನಂಡ್ ಪೋರ್ಷೆ ವಿನ್ಯಾಸದ ಆಟೋ ಯೂನಿಯನ್ ರೇಸ್ ಕಾರಿನಲ್ಲಿ ಹದಿನಾರು ಸಿಲಿಂಡರಿನ ಎಂಜಿನ್ ಚಾಲಕನ ಹಿಂದಿತ್ತು, ಎರಡರ ನಡುವೆ ಇಂಧನ ಟ್ಯಾಂಕ್ ಇತ್ತು. ನಡುವೆಯೇ ಟ್ಯಾಂಕ್ ಇದ್ದರೆ ಇಂಧನ ಖರ್ಚಾದರೂ ಕಾರಿನ ಸಮತೋಲ ಕೆಡುವುದಿಲ್ಲ. ಆ ಕಾರು ರೇಸ್‌ಗಳನ್ನು ಗೆದ್ದಿತು. ಆದರೆ ಅದನ್ನು ಪಳಗಿಸಬಲ್ಲ ಚಾಲಕರು ಬೆರಳೆಣಿಕೆಯಷ್ಟೇ ಇದ್ದರು.

ಯುದ್ಧಾನಂತರದ ಇಂಗ್ಲೆಂಡಿನಲ್ಲಿ ಕೂಪರ್ ತಂದೆ-ಮಗ ಇದನ್ನು ಬೇರೆ ದಾರಿಯಿಂದ ತಲುಪಿದರು. ಅವರು 500 ಸಿಸಿ ಮೋಟಾರ್‌ಸೈಕಲ್ ಎಂಜಿನ್ ಹಾಕಿ ಪುಟ್ಟ ರೇಸ್ ಕಾರು ಕಟ್ಟುತ್ತಿದ್ದರು. ಆ ಎಂಜಿನ್ ಚೈನಿನ ಮೂಲಕ ಚಕ್ರ ತಿರುಗಿಸುತ್ತದೆ. ಚೈನು ಗಿಡ್ಡ ಇರಬೇಕಾದರೆ ಎಂಜಿನ್ ಹಿಂಚಕ್ರದ ಪಕ್ಕದಲ್ಲೇ ಇರಬೇಕು. ಸಿದ್ಧಾಂತಕ್ಕಿಂತ ಅನುಕೂಲ ನೋಡಿ ಇಟ್ಟ ಎಂಜಿನ್ ಅದು. 1958ರಲ್ಲಿ ಅರ್ಜೆಂಟೀನಾದ ಗ್ರ್ಯಾನ್ ಪ್ರಿಯಲ್ಲಿ ಸ್ಟರ್ಲಿಂಗ್ ಮಾಸ್, ಸುಮಾರು 2 ಲೀಟರ್ ಎಂಜಿನ್ನಿನ ಕೂಪರ್ ಓಡಿಸಿ, ಅದಕ್ಕಿಂತ ದೊಡ್ಡ ಎಂಜಿನ್ನಿನ ಫೆರಾರಿಗಳನ್ನು ಸೋಲಿಸಿದರು. 1959 ಮತ್ತು 1960ರಲ್ಲಿ ಜ್ಯಾಕ್ ಬ್ರಾಬಮ್ ಕೂಪರ್‌ನಲ್ಲೇ ವಿಶ್ವ ಚಾಂಪಿಯನ್ ಆದರು. ಅಮೆರಿಕದ ಇಂಡಿಯಾನಾಪೊಲಿಸ್ ಸ್ವಲ್ಪ ತಡವಾಗಿ ಮಣಿಯಿತು. 1964ರಲ್ಲಿ ಎ.ಜೆ. ಫಾಯ್ಟ್ ಗೆದ್ದದ್ದೇ ಅಲ್ಲಿ ಮುಂಭಾಗದ ಎಂಜಿನ್ನಿನ ಕೊನೆಯ ಗೆಲುವು. ಮರುವರ್ಷ ಜಿಮ್ ಕ್ಲಾರ್ಕ್ ಲೋಟಸ್‌ನಲ್ಲಿ ಗೆದ್ದರು.

ಅಮೆರಿಕದ ದಕ್ಷಿಣಕ್ಕೂ ಈ ಗಾಳಿ ಬೀಸಿತು. ನಾರ್ತ್ ಕ್ಯಾರೊಲೈನಾದ ಚಾರ್ಲಟ್‌ನಲ್ಲಿದ್ದ ಹೋಲ್ಮನ್-ಮೂಡಿ ಸಂಸ್ಥೆ ಫೋರ್ಡ್ ಕಂಪನಿಯ ನ್ಯಾಸ್ಕಾರ್ ಕಾರುಗಳಿಗೆ ಹೆಸರುವಾಸಿ. ಮೊಣಕೈಗೆ ಮೊಣಕೈ ತಾಗಿಸಿ ಅಂಡಾಕಾರದ ಟ್ರ್ಯಾಕಿನಲ್ಲಿ ಸುತ್ತುವ, ಎಂಜಿನ್ ಮುಂದಿರುವ ಭಾರಿ ಕಾರುಗಳವು. ಫೋರ್ಡ್ ಫ್ರಾನ್ಸಿನ 24 ಗಂಟೆಗಳ ಲೆ ಮಾನ್ಸ್ ರೇಸನ್ನು ಗೆಲ್ಲಲು ಹೊರಟಾಗ ನ್ಯಾಸ್ಕಾರ್‌ನ ಆ 7 ಲೀಟರ್ ಎಂಜಿನ್ ಜಿಟಿ40 ಮಾರ್ಕ್ 2 ಕಾರಿನಲ್ಲಿ ಚಾಲಕನ ಹಿಂದಕ್ಕೆ ಹೋಯಿತು. 1966ರ ಲೆ ಮಾನ್ಸ್‌ನಲ್ಲಿ ಫೋರ್ಡ್ ಮೊದಲ ಮೂರೂ ಸ್ಥಾನ ಗೆದ್ದಿತು. ಮೂರನೆಯ ಕಾರು ಹೋಲ್ಮನ್-ಮೂಡಿ ತಂಡದ್ದು.

ಜಾಗ್ವಾರ್ ಕೂಡ ಅದೇ ವರ್ಷ 5 ಲೀಟರಿನ ವಿ-12 ಎಂಜಿನ್ನನ್ನು ಚಾಲಕನ ಹಿಂದಿಟ್ಟು ಎಕ್ಸ್‌ಜೆ13 ಎಂಬ ಒಂದೇ ಒಂದು ಕಾರನ್ನು ಕಟ್ಟಿತ್ತು. ನೋಡಲು ಬಲು ಚೆಂದ. ಆದರೆ ಅದು ಒಂದು ರೇಸನ್ನೂ ಕಾಣಲಿಲ್ಲ. 1971ರಲ್ಲಿ ಚಿತ್ರೀಕರಣಕ್ಕೆಂದು ಓಡಿಸುವಾಗ ಅಪಘಾತದಲ್ಲಿ ಜಜ್ಜಿಹೋಯಿತು. ಎಕ್ಸ್‌ಜೆ13ಗೆ ಸಿಗದ ಅವಕಾಶ, ಅದು ಹುಟ್ಟಿ ಹದಿನಾರು ವರ್ಷಗಳ ನಂತರ ಸಿಕ್ಕಿದ್ದು ಇಂಗ್ಲೆಂಡಿನಲ್ಲಲ್ಲ, ಅಮೆರಿಕದ ವರ್ಜೀನಿಯಾದಲ್ಲಿ.

ವರ್ಜೀನಿಯಾದ ತಂಡ, ಮಿಷಿಗನ್ನಿನ ನಕ್ಷೆ

1960ರ ದಶಕದಲ್ಲಿ ವಾಷಿಂಗ್ಟನ್ ಸುತ್ತಮುತ್ತಲ ಹವ್ಯಾಸಿ ಚಾಲಕರಿಗೆ ಮೇರಿಲ್ಯಾಂಡಿನ ಮಾರ್ಲ್‌ಬರೋ ಟ್ರ್ಯಾಕೇ ಗರಡಿಮನೆ. ಟುಲಿಯಸ್ ಟ್ರಯಂಫ್ ಕಾರಿನೊಂದಿಗೆ ಅಲ್ಲಿ ಪಳಗಿದವರು. ಚಾಲಕ-ಎಂಜಿನಿಯರ್ ಬ್ರಯಾನ್ ಫರ್ಸ್ಟನೌ ಜೊತೆ ಸೇರಿ ಅವರು ಅದೇ ದಶಕದಲ್ಲಿ ಗ್ರೂಪ್ 44 ಎಂಬ ತಂಡ ಕಟ್ಟಿದರು. 44 ಎನ್ನುವುದು ಅವರ ಕಾರಿನ ನಂಬರು. ವಾಷಿಂಗ್ಟನ್ ಮಗ್ಗುಲಿನ ಫಾಲ್ಸ್ ಚರ್ಚ್ ಊರಿನಲ್ಲಿ ಶುರುವಾದ ತಂಡ ಮುಂದೆ ವಿಂಚೆಸ್ಟರ್‌ಗೆ ಬಂತು. ಬಿಳಿ-ಹಸಿರು ಬಣ್ಣದ ಕಾರುಗಳು, ಮಾಸದ ಸಮವಸ್ತ್ರ, ಚೊಕ್ಕಟವಾದ ವರ್ಕ್‌ಷಾಪ್: ಹವ್ಯಾಸಿ ರೇಸಿಂಗಿಗೆ ವೃತ್ತಿಪರ ಶಿಸ್ತು ತಂದವರು ಎಂದು ಅವರಿಗೆ ಹೆಸರಾಯಿತು. ಇ-ಟೈಪ್ ನಂತರ ಜಾಗ್ವಾರ್ ಎಕ್ಸ್‌ಜೆ-ಎಸ್ ಕಾರಿನಲ್ಲಿ 1977 ಮತ್ತು 1978ರ ಟ್ರಾನ್ಸ್-ಆಮ್ ಸರಣಿಯಲ್ಲೂ ಟುಲಿಯಸ್ ತಮ್ಮ ವಿಭಾಗದ ಚಾಂಪಿಯನ್ ಆದರು.

1980ರ ಹೊತ್ತಿಗೆ ಜಾಗ್ವಾರ್ ಕಂಪನಿ ಸಂಕಷ್ಟದಲ್ಲಿತ್ತು. ಗುಣಮಟ್ಟದ ಬಗ್ಗೆ ದೂರು, ಕುಸಿದ ಮಾರಾಟ. ಅಮೆರಿಕವೇ ಅದರ ದೊಡ್ಡ ಮಾರುಕಟ್ಟೆ. ಅಲ್ಲಿ ಹೆಸರು ಉಳಿಸಿಕೊಳ್ಳಲು ರೇಸಿಂಗ್ ಒಂದು ದಾರಿ. ಇದೇ ಸಮಯಕ್ಕೆ ಇಮ್ಸಾ ಎಂಬ ಅಮೆರಿಕನ್ ರೇಸಿಂಗ್ ಸಂಸ್ಥೆ 1981ರಲ್ಲಿ ಜಿಟಿಪಿ ಎಂಬ ಹೊಸ ವರ್ಗ ತೆರೆಯಿತು. ರಸ್ತೆಯ ಕಾರಿನ ರೂಪಕ್ಕೆ ಅಂಟಿಕೊಳ್ಳಬೇಕಿಲ್ಲ, ಪೂರಾ ಹೊಸ ಕಾರನ್ನೇ ಕಟ್ಟಬಹುದು; ಎಂಜಿನ್ ದೊಡ್ಡದಾದಷ್ಟೂ ಕಾರಿನ ಕನಿಷ್ಠ ತೂಕ ಹೆಚ್ಚು, ಅಷ್ಟೇ. ಜಾಗ್ವಾರ್‌ನ ಅಮೆರಿಕ ಶಾಖೆ ಟುಲಿಯಸ್‌ಗೆ ಬೆಂಬಲ ಕೊಟ್ಟಿತು. ಕಾರಿನ ವಿನ್ಯಾಸದ ಹೊಣೆ ಹೊತ್ತವರು ಮಿಷಿಗನ್ನಿನ ಲೀ ಡೈಕ್‌ಸ್ಟ್ರಾ.

ಎಂಜಿನ್ ಆಯ್ಕೆಗೆ ಅವಕಾಶವೇ ಇರಲಿಲ್ಲ. ಜಾಗ್ವಾರ್ ಎಂದರೆ ವಿ-12. ಅದು 1971ರಲ್ಲಿ ಇ-ಟೈಪ್‌ಗೆಂದು ಬಂದ, ಅಲ್ಯೂಮಿನಿಯಂ ಬ್ಲಾಕಿನ, 5,343 ಸಿಸಿ ಎಂಜಿನ್. ಆರಾರು ಸಿಲಿಂಡರಿನ ಎರಡು ಸಾಲು, ನಡುವೆ 60 ಡಿಗ್ರಿ ಕೋನ. ಈ ಜೋಡಣೆಯಲ್ಲಿ ಪಿಸ್ಟನ್ನುಗಳ ಏರಿಳಿತ ಒಂದನ್ನೊಂದು ಸರಿದೂಗಿಸುವುದರಿಂದ ನಡುಕ ಇಲ್ಲವೇ ಇಲ್ಲ ಎನ್ನಬಹುದು. ಐಷಾರಾಮಿ ಕಾರಿಗೆ ಇದು ವರ. ರೇಸ್ ಕಾರು ಕಟ್ಟುವವನಿಗೋ, ಆರು ಸಿಲಿಂಡರಿನಷ್ಟು ಉದ್ದ, ಎತ್ತರವೂ ಹೆಚ್ಚು, ತೂಕ 300 ಕಿಲೋ ಆಸುಪಾಸು.

ಉದ್ದದ ಜೊತೆ ನಿಯಮವೂ ಸೇರಿ ಪೇಚು ಬಿಗಿಯಾಯಿತು. ಅಪಘಾತದಲ್ಲಿ ಚಾಲಕನ ಕಾಲು ಜಜ್ಜಿಹೋಗದಿರಲೆಂದು ಇಮ್ಸಾ, ಪಾದಗಳು ಮುಂದಿನ ಆಕ್ಸಲ್‌ಗಿಂತ ಹಿಂದೆಯೇ ಇರಬೇಕು ಎಂದಿತ್ತು. ಯೂರೋಪಿನಲ್ಲಿ ಮೆರೆಯುತ್ತಿದ್ದ ಪೋರ್ಷೆ 956 ಇದೇ ಕಾರಣಕ್ಕೆ ಅಮೆರಿಕದಲ್ಲಿ ಇಳಿಯಲಾಗಲಿಲ್ಲ. ಮುಂದಿನ ಆಕ್ಸಲನ್ನು ಇನ್ನಷ್ಟು ಮುಂದಕ್ಕೆ ತಳ್ಳಿದ 962 ಮಾದರಿ 1984ರಲ್ಲಿ ಬರಬೇಕಾಯಿತು. ಡೈಕ್‌ಸ್ಟ್ರಾ ಮುಂದಿದ್ದ ಲೆಕ್ಕವೂ ಅಂಥದೇ. ಎರಡು ಆಕ್ಸಲ್‌ಗಳ ನಡುವೆ ಮೊದಲು ಪಾದ, ಮಂಡಿ, ಬೆನ್ನು, ಆಮೇಲೆ ಇಂಧನ, ಆಮೇಲೆ ಹನ್ನೆರಡು ಸಿಲಿಂಡರು. ಇದಿಷ್ಟನ್ನೂ ತುಂಬಿಸಬೇಕು, ಆದರೂ ಕಾರು ರೈಲುಬೋಗಿಯಾಗಬಾರದು.

ಉತ್ತರ ಒಂದೇ ಉಪಾಯದಲ್ಲಿ ಇರಲಿಲ್ಲ, ಹಲವು ಉಳಿತಾಯಗಳಲ್ಲಿತ್ತು. ಎಂಜಿನ್ ತಳದಲ್ಲಿ ಎಣ್ಣೆ ತುಂಬಿದ ಆಳವಾದ ತಟ್ಟೆ ತೆಗೆದು, ಎಣ್ಣೆಯನ್ನು ಪಂಪಿನಿಂದ ಹೊರಗಿನ ಟ್ಯಾಂಕಿಗೆ ಎಳೆಯುವ ಡ್ರೈ ಸಂಪ್ ವ್ಯವಸ್ಥೆ ಹಾಕಿದರೆ ಇಡೀ ಎಂಜಿನ್ ಕೆಳಗಿಳಿಯುತ್ತದೆ. ಚಾಲಕ ಕೂರುವ ಭಾಗವನ್ನು ಜೇನುಹುಟ್ಟಿನ ಕೋಶಗಳಂಥ ಒಳರಚನೆಯ ಅಲ್ಯೂಮಿನಿಯಂ ಹಲಗೆಗಳಿಂದ ಕಟ್ಟಿದರು. ತೆಳು ಹಾಳೆಗಳ ನಡುವೆ ಕೋಶಗಳಿರುವುದರಿಂದ ತೂಕ ಕಡಿಮೆ, ಬಾಗದ ಗುಣ ಹೆಚ್ಚು. ಎಂಜಿನ್ ಕೂಡ ಚಾಸಿಯ ಬಿಗಿತಕ್ಕೆ ಹೆಗಲು ಕೊಟ್ಟಿತು. ಹೊದಿಕೆಗೆ ಕಾರ್ಬನ್ ಫೈಬರ್ ಮತ್ತು ಕೆವ್ಲಾರ್ ಬಂತು. ಶುರುವಿನಲ್ಲಿ ಎಂಜಿನ್ನಿಗೆ ಉಸಿರು ಕೊಟ್ಟದ್ದು ಆರು ವೆಬರ್ ಕಾರ್ಬುರೇಟರ್. ಮುಂದೆ ಎಲೆಕ್ಟ್ರಾನಿಕ್ ಇಂಧನ ಚುಚ್ಚುವಿಕೆ ಬಂತು, ಗಾತ್ರ 6 ಲೀಟರಿಗೆ ಏರಿತು, ಬಲ 600 ಅಶ್ವಶಕ್ತಿಯ ಸುತ್ತ ತಲುಪಿತು.

ಗಾಳಿಯಿಂದ ಬಂದ ತೂಕ

ಎಂಜಿನ್ ಹಿಂದಕ್ಕೆ ಹೋದದ್ದರಿಂದ ಸಿಕ್ಕ ದೊಡ್ಡ ಲಾಭ ಕೂಪರ್ ಕಾಲದವರು ಊಹಿಸದಿದ್ದದ್ದು. 1970ರ ದಶಕದ ಕೊನೆಗೆ ಫಾರ್ಮುಲಾ ಒನ್ ಎಂಜಿನಿಯರುಗಳು ಕಾರಿನ ಹೊಟ್ಟೆಯನ್ನೇ ರೆಕ್ಕೆಯಾಗಿಸುವುದನ್ನು ಕಲಿತರು. ಕಾರಿನಡಿಯ ಸುರಂಗ ನಡುವೆ ಕಿರಿದಾಗಿ ಹಿಂದೆ ಅಗಲವಾದರೆ, ಕಿರಿದಾದ ಕಡೆ ಗಾಳಿ ವೇಗವಾಗಿ ನುಗ್ಗುತ್ತದೆ. ವೇಗ ಹೆಚ್ಚಿದಲ್ಲಿ ಒತ್ತಡ ಇಳಿಯುತ್ತದೆ. ಮೇಲಿನ ಗಾಳಿಯ ಒತ್ತಡವೇ ಹೆಚ್ಚಾಗಿ ಕಾರನ್ನು ನೆಲಕ್ಕೆ ಅದುಮುತ್ತದೆ. ತಕ್ಕಡಿಯಲ್ಲಿ ತೂಕ ಹೆಚ್ಚದೆ ಟೈರಿನ ಮೇಲೆ ಭಾರ ಹೆಚ್ಚುತ್ತದೆ: ತಿರುವಿನಲ್ಲಿ ಹೊರಕ್ಕೆ ಎಳೆಯುವ ಜಡತ್ವ ಅಷ್ಟೇ, ಹಿಡಿತ ಮಾತ್ರ ಹೆಚ್ಚು. ಈ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 100 ಕಿಲೋಮೀಟರಿನಲ್ಲಿ ಇದ್ದದ್ದು 200ರಲ್ಲಿ ನಾಲ್ಕು ಪಟ್ಟು.

ಸುರಂಗಕ್ಕೆ ಜಾಗ ಬೇಕು. ಅದು ಹಿಂಚಕ್ರಗಳ ಹತ್ತಿರ ಮೇಲಕ್ಕೇಳುವ ಜಾಗದಲ್ಲೇ ಎಂಜಿನ್ ಕೂತಿರುತ್ತದೆ. ಇಲ್ಲಿ ಜಾಗ್ವಾರ್‌ನ ಎತ್ತರದ ವಿ-12 ತನ್ನ ದೋಷವನ್ನೇ ಗುಣವಾಗಿಸಿಕೊಂಡಿತು. ಪೋರ್ಷೆಯ ಎಂಜಿನ್ ಮಲಗಿದ ಸಿಲಿಂಡರುಗಳದ್ದು; ಗುರುತ್ವ ಕೇಂದ್ರ ತಗ್ಗು, ಆದರೆ ಸಿಲಿಂಡರು ಎರಡೂ ಪಕ್ಕಕ್ಕೆ ಚಾಚಿ ಸುರಂಗಕ್ಕೆ ಅಡ್ಡ ಬರುತ್ತದೆ. ಹಾಗಾಗಿ 956ರಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸನ್ನು ಹಿಂಬದಿ ಎತ್ತರವಾಗುವಂತೆ ಓರೆಯಾಗಿ ಕೂರಿಸಿದ್ದರು. ವಿ ಆಕಾರದ ಎಂಜಿನ್ ಬುಡದಲ್ಲಿ ಕಿರಿದು, ತಲೆಯಲ್ಲಿ ಅಗಲ. ಬುಡದ ಎರಡೂ ಮಗ್ಗುಲಲ್ಲಿ ಗಾಳಿಗೆ ದಾರಿ ತಾನಾಗಿಯೇ ಸಿಗುತ್ತದೆ. ಸೈಲೆನ್ಸರ್ ಕೊಳವೆಗಳನ್ನು ಮಾತ್ರ ಆ ದಾರಿಯಿಂದ ಜಾಣತನದಿಂದ ಪಾರು ಮಾಡಬೇಕು.

ರೋಡ್ ಅಟ್ಲಾಂಟಾ ಇಂಥ ಕಾರಿಗೆ ಸರಿಯಾದ ಒರೆಗಲ್ಲು. 4 ಕಿಲೋಮೀಟರ್ ಚಿಲ್ಲರೆ ಉದ್ದ, ಹನ್ನೆರಡು ತಿರುವು. ಆ ದಿನಗಳಲ್ಲಿ ಹಿಂಬದಿಯ ನೇರ ದಾರಿ ಒಂದು ತಗ್ಗಿಗೆ ಧುಮುಕಿ, ಥಟ್ಟನೆ ಮೇಲೇರಿ, ಸೇತುವೆಯಡಿ ದಿಬ್ಬ ದಾಟಿ, ಕೊನೆಯ ಬಲತಿರುವಿಗೆ ಇಳಿಯುತ್ತಿತ್ತು. ತಗ್ಗಿನಲ್ಲಿ ಕಾರು ನೆಲಕ್ಕೆ ಒತ್ತಿಕೊಳ್ಳುತ್ತದೆ. ದಿಬ್ಬದ ನೆತ್ತಿಯಲ್ಲಿ ಸ್ಪ್ರಿಂಗುಗಳು ಚಾಚಿ ಹೊಟ್ಟೆ ಮೇಲೇಳುತ್ತದೆ. ನೆಲಕ್ಕೂ ಹೊಟ್ಟೆಗೂ ಅಂತರ ಹೆಚ್ಚಿದ ಕೂಡಲೇ ಗಾಳಿಯ ಅದುಮು ಕುಗ್ಗುತ್ತದೆ, ಅದೂ ಚಾಲಕ ಕೊನೆಯ ತಿರುವಿಗೆ ಸಜ್ಜಾಗುವ ಹೊತ್ತಿಗೇ. ಸ್ಪ್ರಿಂಗನ್ನು ಬಿಗಿ ಮಾಡಿದರೆ ಅಂತರ ಉಳಿಯುತ್ತದೆ, ಆದರೆ ಉಬ್ಬುತಗ್ಗಿನಲ್ಲಿ ಟೈರು ಪುಟಿಯುತ್ತದೆ. ಯಾವುದನ್ನು ಎಷ್ಟು ಬಿಟ್ಟುಕೊಡಬೇಕು ಎಂಬುದನ್ನು ಟ್ರ್ಯಾಕಿನಲ್ಲಿ ಸುತ್ತಿ ಸುತ್ತಿಯೇ ಕಂಡುಕೊಳ್ಳಬೇಕು.

ಗೆಲುವು, ಅದರ ಆಚೆ

1982ರ ಆಗಸ್ಟ್‌ನಲ್ಲಿ ವಿಸ್ಕಾನ್ಸಿನ್ನಿನ ರೋಡ್ ಅಮೆರಿಕ ಟ್ರ್ಯಾಕಿನಲ್ಲಿ ಎಕ್ಸ್‌ಜೆಆರ್-5 ಮೊದಲ ಬಾರಿ ಇಳಿದು ಮೂರನೆಯದಾಗಿ ಬಂತು. ಮರುವರ್ಷ ಏಪ್ರಿಲ್‌ನಲ್ಲಿ ರೋಡ್ ಅಟ್ಲಾಂಟಾದ 500 ಕಿಲೋಮೀಟರ್ ರೇಸನ್ನು ಟುಲಿಯಸ್ ಮತ್ತು ಕೆನಡಾದ ಬಿಲ್ ಆಡಮ್ ಗೆದ್ದರು. ಅದೇ ವರ್ಷ ಲೈಮ್ ರಾಕ್, ಮೋಸ್‌ಪೋರ್ಟ್, ಪೊಕೊನೋ ಸೇರಿ ಒಟ್ಟು ನಾಲ್ಕು ಗೆಲುವು. ಚಾಂಪಿಯನ್‌ಷಿಪ್‌ನಲ್ಲಿ ಅಲ್ ಹೋಲ್ಬರ್ಟ್ ನಂತರ ಟುಲಿಯಸ್ ಎರಡನೆಯವರು. 1984ರ ಮಯಾಮಿಯಲ್ಲಿ ಮೊದಲೆರಡು ಸ್ಥಾನವೂ ಜಾಗ್ವಾರ್‌ಗೇ.

ಆಮೇಲೆ ಪೋರ್ಷೆ 962 ಗುಂಪಾಗಿ ಬಂತು. ಟರ್ಬೊ ಎಂಜಿನ್ನಿನ ಆ ಕಾರನ್ನು ಯಾವ ತಂಡ ಬೇಕಾದರೂ ಕೊಳ್ಳಬಹುದಿತ್ತು, ಸಂಖ್ಯೆಯಲ್ಲೇ ಅದು ಮೇಲುಗೈ ಸಾಧಿಸಿತು. 1985ರ ಲೆ ಮಾನ್ಸ್‌ನಲ್ಲಿ ಎಕ್ಸ್‌ಜೆಆರ್-5 ಕೊನೆಯ ಗಂಟೆಗಳನ್ನು ಹನ್ನೊಂದೇ ಸಿಲಿಂಡರಿನಲ್ಲಿ ಓಡಿ, ಒಟ್ಟಾರೆ 13ನೆಯದಾಗಿ, ತನ್ನ ವರ್ಗದಲ್ಲಿ ಮೊದಲನೆಯದಾಗಿ ಮುಗಿಸಿತು. ಗ್ರೂಪ್ 44 ಎಕ್ಸ್‌ಜೆಆರ್-7 ಎಂಬ ಮುಂದಿನ ಕಾರನ್ನೂ ಗೆಲ್ಲಿಸಿತು; ಆದರೆ 1988ರಿಂದ ಜಾಗ್ವಾರ್‌ನ ಅಮೆರಿಕದ ರೇಸಿಂಗ್ ಹೊಣೆ ಇಂಗ್ಲೆಂಡಿನ ಟಿಡಬ್ಲ್ಯುಆರ್ ತಂಡಕ್ಕೆ ಹೋಯಿತು. ಆ ವರ್ಷ ಎಕ್ಸ್‌ಜೆಆರ್-9 ಡೇಟೋನಾದ 24 ಗಂಟೆ ರೇಸನ್ನೂ ಲೆ ಮಾನ್ಸ್‌ನ್ನೂ ಗೆದ್ದಿತು. ಅದರ ಎಂಜಿನ್ನೂ 1971ರ ಇ-ಟೈಪ್ ಎಂಜಿನ್ನಿನ ವಂಶದ್ದೇ, ಲೆ ಮಾನ್ಸ್‌ಗೆಂದು 7 ಲೀಟರಿಗೆ ಹಿಗ್ಗಿಸಿದ್ದು.

ಚಾರ್ಲಟ್‌ನ ಪ್ರತಿವಾದ

ಹಾಗಾದರೆ ಎಂಜಿನ್ ನಡುವೆ ಇಟ್ಟರೆ ಗೆಲುವು ಖಚಿತವೇ? ಚಾರ್ಲಟ್ ಸುತ್ತಲಿನವರು ಒಪ್ಪಲಿಕ್ಕಿಲ್ಲ. ನ್ಯಾಸ್ಕಾರ್ ತಂಡಗಳ ತವರಾದ ಆ ಭಾಗದಲ್ಲಿ ನಿಯಮದ ಪ್ರಕಾರ ಎಂಜಿನ್ ಇಂದಿಗೂ ಮುಂದೆಯೇ. 2022ರಲ್ಲಿ ಬಂದ ಹೊಸ ನ್ಯಾಸ್ಕಾರ್ ಕಾರಿನಲ್ಲಿ ಗೇರ್‌ಬಾಕ್ಸ್ ಮಾತ್ರ ಹಿಂದಿನ ಆಕ್ಸಲ್ ಬಳಿಗೆ ಹೋಯಿತು. ಭಾರದ ಒಂದು ಕಂತನ್ನು ಹಿಂದಕ್ಕೆ ಸಾಗಿಸಿ ಪರಂಪರೆಯನ್ನೂ ಉಳಿಸಿಕೊಂಡ ಒಪ್ಪಂದ ಅದು. 2023ರಲ್ಲಿ ಚಾರ್ಲಟ್ ಪಕ್ಕದ ಕಾನ್‌ಕಾರ್ಡ್‌ನ ಹೆಂಡ್ರಿಕ್ ತಂಡ ಅದೇ ಬಗೆಯ ಕಾರಿನ ತೂಕ ಇಳಿಸಿ, ಕಾರ್ಬನ್ ಬ್ರೇಕ್ ಹಾಕಿ, ಪ್ರಾಯೋಗಿಕ ಪ್ರವೇಶವಾಗಿ ಲೆ ಮಾನ್ಸ್‌ಗೆ ಒಯ್ದಿತು. ಅರ್ಹತಾ ಸುತ್ತಿನಲ್ಲಿ ಅದು ಜಿಟಿ ವರ್ಗದ ಕಾರುಗಳಿಗಿಂತ ಸೆಕೆಂಡುಗಟ್ಟಲೆ ವೇಗವಾಗಿ ಓಡಿತು. ಆ ವರ್ಗದಲ್ಲಿ ಎಂಜಿನ್ ನಡುವೆ ಇರುವ ಕಾರ್ವೆಟ್ ಕೂಡ ಇತ್ತು.

ಇದು ಭೌತವಿಜ್ಞಾನಕ್ಕೆ ಸೋಲಲ್ಲ. ಜಿಟಿ ಕಾರುಗಳ ಬಲಕ್ಕೆ ನಿಯಮದ ಕಡಿವಾಣವಿತ್ತು, ಹೆಂಡ್ರಿಕ್ ಕಾರಿಗೆ ಅಷ್ಟು ಇರಲಿಲ್ಲ. ಎಂಜಿನ್ನಿನ ಜಾಗ ಗೆಲುವಿನ ಹಲವು ಕಾರಣಗಳಲ್ಲಿ ಒಂದು ಮಾತ್ರ, ನಿಯಮ ಸಡಿಲಿಸಿದರೆ ಬೇರೆ ಕಾರಣಗಳು ಅದನ್ನು ಮೀರಿಸಬಲ್ಲವು. ಎಕ್ಸ್‌ಜೆ13ರಲ್ಲೂ ವಿ-12 ಚಾಲಕನ ಹಿಂದೆಯೇ ಇತ್ತು, ಅದಕ್ಕೆ ಓಡಲು ರೇಸೇ ಸಿಗಲಿಲ್ಲ. ಎಕ್ಸ್‌ಜೆಆರ್-5 ಗೆದ್ದದ್ದು ಎಂಜಿನ್ ಸರಿದಾಗ ತೆರವಾದ ಪ್ರತಿ ಅಂಗುಲಕ್ಕೂ, ಸುರಂಗಕ್ಕೋ ಇಂಧನಕ್ಕೋ ಚಾಲಕನ ಪಾದಕ್ಕೋ, ಡೈಕ್‌ಸ್ಟ್ರಾ ಹೊಸ ಕೆಲಸ ಹಚ್ಚಿದ್ದರಿಂದ. ಆ ಕಾರಿಗೆ ಹೊಂದುವ ನಿಯಮಾವಳಿ ಆ ಹೊತ್ತಿಗೆ ಇದ್ದುದರಿಂದ. ಮನೆಮಂದಿಯ ಕಾರಿನಲ್ಲಿ ಆ ನಡುಜಾಗಕ್ಕೆ ಹಿಂದಿನ ಸೀಟು ಮೊದಲೇ ಹಕ್ಕು ಸ್ಥಾಪಿಸಿದೆ. ಅದಕ್ಕೇ ನಮ್ಮ ಬಹುಪಾಲು ಕಾರುಗಳ ಎಂಜಿನ್ ಇನ್ನೂ ಮುಂದೆಯೇ ಇದೆ.